ಬ್ಯಾಂಕ್ ಮುಳುಗಿದಾಗ ಠೇವಣಿ ವಿಮೆಯ ಹಣ ಪಡೆಯುವ ಬಗೆ

ಬ್ಯಾಂಕಿನ ಷಟರ್ ಮೇಲೆ ರಿಸರ್ವ್ ಬ್ಯಾಂಕಿನ ಆದೇಶದ ಪ್ರತಿ ಅಂಟಿಸಿದ ದಿನ ಹೊರಗೆ ಸೇರಿದ ಜನ ಕೇಳುವುದು ಒಂದೇ: ‘ಐದು ಲಕ್ಷ ಕೊಡ್ತಾರಂತಲ್ಲ, ಯಾವಾಗ?’ ಕೊಡುತ್ತಾರೆ, ಅದರಲ್ಲಿ ಅನುಮಾನ ಬೇಡ. ಆದರೆ ಆ ಹಣ ನಿಮ್ಮನ್ನು ಹುಡುಕಿಕೊಂಡು ಬರುವುದಿಲ್ಲ. ಮುಳುಗಿದ ಬ್ಯಾಂಕಿನ ಸಿಬ್ಬಂದಿಯೇ ತಯಾರಿಸುವ ಒಂದು ಪಟ್ಟಿಯ ಮೂಲಕ ಬರುತ್ತದೆ. ಆ ಪಟ್ಟಿಯಲ್ಲಿ ನಿಮ್ಮ ಹೆಸರು, ಖಾತೆ, ಮೊತ್ತ, ಹಣ ಬೀಳಬೇಕಾದ ಬೇರೆ ಬ್ಯಾಂಕಿನ ಖಾತೆ ಇಷ್ಟೂ ಸರಿಯಾಗಿ ಕೂರಬೇಕು. ಠೇವಣಿದಾರರು ಓಡಾಡಬೇಕಾದದ್ದು ಇದಕ್ಕಾಗಿ. ಮುಂಬೈಗೆ ಪತ್ರ ಬರೆಯುವುದರಿಂದಾಗಲಿ, ಶಾಸಕರ ಮನೆ ಬಾಗಿಲು ತಟ್ಟುವುದರಿಂದಾಗಲಿ ಈ ಕೆಲಸ ಬೇಗ ಆಗುವುದಿಲ್ಲ.

ಹಣ ಕೊಡುವುದು ಠೇವಣಿ ವಿಮಾ ಮತ್ತು ಸಾಲ ಖಾತರಿ ನಿಗಮ. ಎಲ್ಲರ ಬಾಯಲ್ಲೂ ಡಿಐಸಿಜಿಸಿ. ಇದು ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆ. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ ಮುಳುಗಿದ ಮೇಲೆ 1961ರಲ್ಲಿ ಕಾಯ್ದೆ ಬಂತು, 1962ರ ಜನವರಿ 1ರಿಂದ ವಿಮೆ ಶುರುವಾಯಿತು. ಆಗ ಮಿತಿ 1,500 ರೂಪಾಯಿ. 1993ರಿಂದ ಒಂದು ಲಕ್ಷ. ಅಲ್ಲಿಗೇ ನಿಂತಿದ್ದ ಮಿತಿ ಐದು ಲಕ್ಷಕ್ಕೆ ಏರಿದ್ದು 2020ರ ಫೆಬ್ರುವರಿ 4ರಂದು. ಪ್ರೀಮಿಯಂ ಕಟ್ಟುವುದು ಬ್ಯಾಂಕು; ನಿಮ್ಮಿಂದ ಒಂದು ಪೈಸೆಯನ್ನೂ ಅದಕ್ಕಾಗಿ ಕಡಿತ ಮಾಡುವಂತಿಲ್ಲ.

ಮೊದಲು ನೋಡಬೇಕಾದದ್ದು: ಅದು ಬ್ಯಾಂಕ್ ಹೌದೋ ಅಲ್ಲವೋ

ಕರ್ನಾಟಕದಲ್ಲಿ ಹೆಚ್ಚು ಜನ ಎಡವುವುದು ಇಲ್ಲೇ. ವಾಣಿಜ್ಯ ಬ್ಯಾಂಕ್, ಗ್ರಾಮೀಣ ಬ್ಯಾಂಕ್, ಸ್ಮಾಲ್ ಫೈನಾನ್ಸ್ ಬ್ಯಾಂಕ್, ಪೇಮೆಂಟ್ಸ್ ಬ್ಯಾಂಕ್, ಅಪೆಕ್ಸ್ ಬ್ಯಾಂಕ್, ಡಿಸಿಸಿ ಬ್ಯಾಂಕ್, ಪಟ್ಟಣ ಸಹಕಾರ ಬ್ಯಾಂಕ್ ಇವೆಲ್ಲ ವಿಮೆಯ ಒಳಗೆ ಬರುತ್ತವೆ. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿ, ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಂಘ, ಚಿಟ್ ಫಂಡ್, ಫೈನಾನ್ಸ್ ಕಂಪನಿ ಇವು ಬರುವುದಿಲ್ಲ. ಕೌಂಟರ್, ಪಾಸ್‌ಬುಕ್, ಮ್ಯಾನೇಜರ್, ಬಡ್ಡಿ ದರದ ಬೋರ್ಡು ಎರಡು ಕಡೆಯೂ ಒಂದೇ ತರಹ ಇರುತ್ತವೆ. ಎಷ್ಟೋ ಸಲ ಒಂದೇ ಆಡಳಿತ ಮಂಡಳಿಯವರು ಬ್ಯಾಂಕಿನ ಪಕ್ಕದಲ್ಲೇ, ಹೆಚ್ಚುಕಡಿಮೆ ಅದೇ ಹೆಸರಿನ ಸೌಹಾರ್ದವನ್ನೂ ನಡೆಸುತ್ತಿರುತ್ತಾರೆ. ಎಫ್.ಡಿ. ರಶೀದಿಯನ್ನು ಬೆಳಕಿಗೆ ಹಿಡಿದು ಮೇಲ್ಭಾಗದಲ್ಲಿ ಅಚ್ಚಾದ ಪೂರ್ತಿ ಹೆಸರು ಓದಿ. ಕೊನೆಯಲ್ಲಿ ‘ಸಹಕಾರ ಬ್ಯಾಂಕ್ ನಿಯಮಿತ’ ಎಂದಿದೆಯೋ, ‘ಸೌಹಾರ್ದ ಸಹಕಾರಿ ನಿಯಮಿತ’ ಎಂದಿದೆಯೋ? ಆ ಒಂದು ಪದದ ಮೇಲೆ ಐದು ಲಕ್ಷ ನಿಂತಿರುತ್ತದೆ.

ಹೆಸರಿನಲ್ಲಿ ‘ಬ್ಯಾಂಕ್’ ಇದ್ದ ಮಾತ್ರಕ್ಕೂ ನೆಚ್ಚಿಕೊಳ್ಳುವಂತಿಲ್ಲ. ಕೆಲವು ಸಂಘಗಳು ಕಾನೂನು ಮೀರಿ ಆ ಪದ ಬಳಸುತ್ತಿವೆ ಎಂದು ರಿಸರ್ವ್ ಬ್ಯಾಂಕೇ 2021ರ ನವೆಂಬರಿನಲ್ಲಿ ಎಚ್ಚರಿಸಿತ್ತು. ಖಚಿತಪಡಿಸಿಕೊಳ್ಳಲು ಡಿಐಸಿಜಿಸಿ ಜಾಲತಾಣದಲ್ಲಿ ವಿಮೆ ಇರುವ ಬ್ಯಾಂಕುಗಳ ಪಟ್ಟಿ ನೋಡಿ.

ನಿಮ್ಮದು ಸೌಹಾರ್ದ ಅಥವಾ ಖಾಸಗಿ ಹೂಡಿಕೆ ಸಂಸ್ಥೆಯಾದರೆ ದಾರಿಯೇ ಬೇರೆ. ಪೊಲೀಸ್ ದೂರು, ಸಹಕಾರ ಇಲಾಖೆಗೆ ದೂರು, ಠೇವಣಿದಾರರ ಹಿತ ಕಾಯಲೆಂದು ಕರ್ನಾಟಕ 2004ರಲ್ಲಿ ಮಾಡಿದ ಕಾಯ್ದೆಯ ಅಡಿಯಲ್ಲಿ ನೇಮಕವಾಗುವ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ. 2019ರಲ್ಲಿ ಬೆಂಗಳೂರಿನ ಐಎಂಎ ಎಂಬ ಹೂಡಿಕೆ ಸಂಸ್ಥೆ ಕುಸಿದಾಗ ಹೂಡಿಕೆದಾರರಿಂದ ಅರ್ಜಿ ಪಡೆದದ್ದು ಇಂಥ ಪ್ರಾಧಿಕಾರವೇ. ಅಲ್ಲಿ ಸಿಗುವುದು ಜಪ್ತಿ ಮಾಡಿದ ಆಸ್ತಿ ಮಾರಿ ಬಂದಷ್ಟು. ಇಷ್ಟೇ ಎಂಬ ಖಾತರಿ ಇಲ್ಲ. ಮುಂದಿನದೆಲ್ಲ ವಿಮೆ ಇರುವ ಬ್ಯಾಂಕಿನ ಮಾತು.

ನಿರ್ಬಂಧ ಬೇರೆ, ಲೈಸೆನ್ಸ್ ರದ್ದು ಬೇರೆ

ರಿಸರ್ವ್ ಬ್ಯಾಂಕ್ ಮೊದಲು ಹಾಕುವುದು ನಿರ್ಬಂಧ. ಹೊಸ ಠೇವಣಿ ತೆಗೆದುಕೊಳ್ಳುವಂತಿಲ್ಲ, ಹೊಸ ಸಾಲ ಕೊಡುವಂತಿಲ್ಲ, ಗ್ರಾಹಕರು ಇಂತಿಷ್ಟಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ 2020ರ ಜನವರಿಯಲ್ಲಿ ನಿರ್ಬಂಧ ಬಂದಾಗ ಆ ಮಿತಿ 35,000 ರೂಪಾಯಿ. ಆಗ ನಿರ್ಬಂಧದ ಹಂತದಲ್ಲಿ ವಿಮೆ ಹಣ ಕೊಡುವ ಕಾನೂನೇ ಇರಲಿಲ್ಲ. ಲೈಸೆನ್ಸ್ ರದ್ದಾಗುವವರೆಗೂ, ಅದು ಎಷ್ಟು ವರ್ಷವಾದರೂ, ಕಾಯಬೇಕಿತ್ತು. ಮಗಳ ಮದುವೆಗೆ, ಆಸ್ಪತ್ರೆ ಖರ್ಚಿಗೆ ಇಟ್ಟ ಹಣ ಕಣ್ಣೆದುರಿಗೆ ಇದ್ದೂ ಕೈಗೆ ಸಿಗದ ಸ್ಥಿತಿ. 2021ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಇದನ್ನು ಬದಲಿಸಿತು. ಡಿಐಸಿಜಿಸಿ ಕಾಯ್ದೆಗೆ 18ಎ ಎಂಬ ಕಲಂ ಸೇರಿ, ನಿರ್ಬಂಧ ಬಿದ್ದ 90 ದಿನಗಳೊಳಗೆ ಐದು ಲಕ್ಷದವರೆಗಿನ ಹಣ ಕೊಡಬೇಕೆಂದಾಯಿತು. ಹಳೆಯ ನಿರ್ಬಂಧದಲ್ಲಿ ಸಿಲುಕಿದ್ದ ಬ್ಯಾಂಕುಗಳ ಗ್ರಾಹಕರಿಗೂ ಇದು ಅನ್ವಯವಾಯಿತು.

ಆ 90 ದಿನಗಳ ಹಂಚಿಕೆ ಹೀಗೆ: ಮೊದಲ 45 ದಿನಗಳಲ್ಲಿ ಬ್ಯಾಂಕು ಠೇವಣಿದಾರರ ಪಟ್ಟಿ ಮಾಡಿ ನಿಗಮಕ್ಕೆ ಕಳಿಸಬೇಕು, ಮುಂದಿನ 30 ದಿನ ನಿಗಮದ ಪರಿಶೀಲನೆ, ಕೊನೆಯ 15 ದಿನಗಳಲ್ಲಿ ಪಾವತಿ. ಜನವರಿ 10ಕ್ಕೆ ನಿರ್ಬಂಧ ಬಿತ್ತೆಂದುಕೊಳ್ಳಿ. ಪಟ್ಟಿಗೆ ಫೆಬ್ರುವರಿ 24, ಪರಿಶೀಲನೆಗೆ ಮಾರ್ಚ್ 26, ಹಣಕ್ಕೆ ಏಪ್ರಿಲ್ 10. ನಿಮ್ಮ ಕೈಯಲ್ಲಿರುವುದು ಮೊದಲ 45 ದಿನ ಮಾತ್ರ. ಬ್ಯಾಂಕನ್ನು ಬೇರೊಂದರ ಜೊತೆ ವಿಲೀನ ಮಾಡುವ ಮಾತುಕತೆ ನಡೆದಿದ್ದರೆ ರಿಸರ್ವ್ ಬ್ಯಾಂಕ್ ಇನ್ನೂ 90 ದಿನ ಮುಂದೂಡಬಹುದು. ಆಗ ‘ಮೂರು ತಿಂಗಳು ಕಳೆಯಿತು, ಹಣವಿಲ್ಲ’ ಎಂದು ಗಾಬರಿಯಾಗಬೇಡಿ.

ನಿಮಗೆ ಎಷ್ಟು ಬರಬೇಕು ಎಂದು ನೀವೇ ಲೆಕ್ಕ ಹಾಕಿ

ಐದು ಲಕ್ಷ ಎನ್ನುವುದು ಒಬ್ಬ ಠೇವಣಿದಾರನಿಗೆ, ಒಂದು ಬ್ಯಾಂಕಿಗೆ, ಅಸಲು ಬಡ್ಡಿ ಸೇರಿ. ಒಂದು ಖಾತೆಗಲ್ಲ, ಒಂದು ಶಾಖೆಗಲ್ಲ. ಜಯನಗರ ಶಾಖೆಯ ಎಸ್.ಬಿ. ಖಾತೆ, ಬಸವನಗುಡಿ ಶಾಖೆಯ ಎಫ್.ಡಿ., ಆರ್.ಡಿ., ಚಾಲ್ತಿ ಖಾತೆ ಎಲ್ಲ ಕೂಡುತ್ತಾರೆ. ಅಸಲು 4,95,000, ಬಡ್ಡಿ 4,000 ಇದ್ದರೆ 4,99,000 ಪೂರ್ತಿ ಸಿಗುತ್ತದೆ. ಅಸಲೇ ಐದು ಲಕ್ಷವಿದ್ದರೆ ಬಡ್ಡಿಗೆ ಜಾಗವಿಲ್ಲ. ಎಫ್.ಡಿ. ಇಡುವಾಗಲೇ ನಾಲ್ಕೂವರೆ ಲಕ್ಷದ ಆಸುಪಾಸಿಗೆ ನಿಲ್ಲಿಸುವವರು ಜಾಣರು.

‘ಒಬ್ಬ’ ಎಂದರೆ ಯಾರು ಎಂಬುದರಲ್ಲಿ ಸೂಕ್ಷ್ಮವಿದೆ. ಕಾನೂನಿನ ಮಾತಿನಲ್ಲಿ ಒಂದೇ ಸ್ಥಾನ, ಒಂದೇ ಹಕ್ಕು. ನಿಮ್ಮ ಸ್ವಂತ ಖಾತೆಗೂ ನೀವೊಬ್ಬರೇ ಮಾಲೀಕರಾದ ಅಂಗಡಿಯ ಖಾತೆಗೂ ಲೆಕ್ಕ ಒಂದೇ, ಎರಡೂ ಕೂಡುತ್ತವೆ. ಪಾಲುದಾರಿಕೆ ಸಂಸ್ಥೆಯ ಖಾತೆ ಬೇರೆ. ಮೈನರ್ ಮಗುವಿನ ಪರವಾಗಿ ಪೋಷಕರಾಗಿ ಇಟ್ಟದ್ದು ಬೇರೆ. ಹಿಂದೂ ಅವಿಭಕ್ತ ಕುಟುಂಬದ ಕರ್ತನಾಗಿ ಇಟ್ಟದ್ದು ಬೇರೆ. ಜಂಟಿ ಖಾತೆಯ ವಿಷಯ ಹಲವರಿಗೆ ಗೊತ್ತೇ ಇಲ್ಲ: ಗಂಡ ಮೊದಲು, ಹೆಂಡತಿ ನಂತರ ಎಂದಿರುವ ಖಾತೆ ಒಂದು, ಹೆಂಡತಿ ಮೊದಲು, ಗಂಡ ನಂತರ ಎಂದಿರುವುದು ಇನ್ನೊಂದು. ಎರಡಕ್ಕೂ ಪ್ರತ್ಯೇಕ ಐದು ಲಕ್ಷ. ಅದೇ ಕ್ರಮದಲ್ಲಿ ಹತ್ತು ಎಫ್.ಡಿ. ಇದ್ದರೂ ಎಲ್ಲಕ್ಕೂ ಸೇರಿ ಐದೇ ಲಕ್ಷ. ಹೀಗಾಗಿ ಮನೆಯಲ್ಲಿರುವ ರಶೀದಿಗಳನ್ನೆಲ್ಲ ಚಾಪೆಯ ಮೇಲೆ ಹರಡಿಕೊಂಡು ಹೆಸರು ಮತ್ತು ಹೆಸರಿನ ಕ್ರಮದ ಪ್ರಕಾರ ಗುಡ್ಡೆ ಮಾಡಿ. ಒಂದೊಂದು ಗುಡ್ಡೆಯೂ ಒಂದೊಂದು ಬೇಡಿಕೆ. ನಾಮಿನಿ ಹೆಸರಿಗೂ ಇದಕ್ಕೂ ಸಂಬಂಧವಿಲ್ಲ; ನಾಮಿನಿ ಬದಲಾದರೆ ಮಿತಿ ಹೆಚ್ಚುವುದಿಲ್ಲ.

ಸಾಲ ಇದ್ದವರಿಗೆ ಒಂದು ಸಮಾಧಾನ. ಬ್ಯಾಂಕಿಗೆ ನೀವು ಕೊಡಬೇಕಾದ ಬಾಕಿಯನ್ನು ಠೇವಣಿಯಲ್ಲಿ ಮುರಿದುಕೊಳ್ಳುವ ಹಕ್ಕು ಬ್ಯಾಂಕಿಗಿದೆ. ಮುರಿದ ಮೇಲೆ ಉಳಿದದ್ದಕ್ಕೆ ಐದು ಲಕ್ಷದ ಮಿತಿ ಹಾಕುತ್ತಾರೆ. ಉದಾಹರಣೆಗೆ ಎಸ್.ಬಿ.ಯಲ್ಲಿ 40,000, ಎಫ್.ಡಿ. ಬಡ್ಡಿ ಸೇರಿ 4,02,000, ಅಂಗಡಿಯ ಚಾಲ್ತಿ ಖಾತೆಯಲ್ಲಿ 1,10,000, ಒಟ್ಟು 5,52,000. ಚಿನ್ನದ ಸಾಲ 90,000 ಇದೆ. ಐದು ಲಕ್ಷದಲ್ಲಿ ತೊಂಬತ್ತು ಸಾವಿರ ಕಳೆದು 4,10,000 ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. 5,52,000ದಲ್ಲಿ 90,000 ಕಳೆದರೆ 4,62,000. ಅದು ಮಿತಿಯೊಳಗೇ ಇರುವುದರಿಂದ ಪೂರ್ತಿ ಸಿಗಬೇಕು. ಸಾಲ ಚುಕ್ತಾ ಆದ ದಾಖಲೆ ಪಡೆದು ಒಡವೆ ಬಿಡಿಸಿಕೊಳ್ಳುವುದನ್ನೂ ಮರೆಯಬೇಡಿ.

ಸಹಕಾರ ಬ್ಯಾಂಕಿನ ಷೇರು ಹಣ ಠೇವಣಿಯಲ್ಲ, ಅದಕ್ಕೆ ವಿಮೆ ಇಲ್ಲ. ಪಿಗ್ಮಿ ಠೇವಣಿಯೇ, ಅದು ಲೆಕ್ಕಕ್ಕೆ ಬರುತ್ತದೆ. ಆದರೆ ಏಜೆಂಟರು ಕಾರ್ಡಿನಲ್ಲಿ ಬರೆದುಕೊಟ್ಟ ಮೊತ್ತಕ್ಕೂ ಬ್ಯಾಂಕಿನ ಲೆಡ್ಜರಿನಲ್ಲಿ ಜಮೆಯಾದ ಮೊತ್ತಕ್ಕೂ ತಾಳೆ ಇದೆಯೇ ನೋಡಿ. ನಿಗಮ ನೋಡುವುದು ಲೆಡ್ಜರನ್ನು. ವ್ಯತ್ಯಾಸವಿದ್ದರೆ ಕಾರ್ಡಿನ ನಕಲು ಲಗತ್ತಿಸಿ ಶಾಖೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ, ಅದೂ ಪಟ್ಟಿ ಹೋಗುವ ಮೊದಲು.

ಫಾರಂ ತುಂಬುವುದು

ನಿರ್ಬಂಧದ ಹಂತದಲ್ಲಿ ಕೊಡಬೇಕಾದದ್ದು ಸಮ್ಮತಿ ಪತ್ರ. ‘ವಿಲ್ಲಿಂಗ್‌ನೆಸ್’ ಎಂದರೆ ಶಾಖೆಯಲ್ಲಿ ಎಲ್ಲರಿಗೂ ಗೊತ್ತು. ವಿಮೆಯ ಹಣ ಪಡೆಯಲು ಒಪ್ಪಿಗೆ ಇದೆ, ಅದನ್ನು ಇಂಥ ಖಾತೆಗೆ ಹಾಕಿ ಎಂದು ನೀವು ಬರೆದುಕೊಡುವುದು. ಇದನ್ನು ಕೊಡದವರಿಗೆ, ಪಟ್ಟಿಯಲ್ಲಿ ಹೆಸರಿದ್ದರೂ, ಹಣ ಬರುವುದಿಲ್ಲ. ಫಾರಂ ಸಿಗುವುದು, ಕೊಡುವುದು ಎರಡೂ ನಿಮ್ಮ ಬ್ಯಾಂಕಿನ ಶಾಖೆಯಲ್ಲೇ. ಯಾವ ಶುಲ್ಕವೂ ಇಲ್ಲ. ‘ಫಾರಂ ತುಂಬಿ ಬೇಗ ಮಾಡಿಸಿ ಕೊಡ್ತೀವಿ’ ಎಂದು ಗೇಟಿನ ಬಳಿ ಐನೂರು ಕೇಳುವವರಿಗೆ ಕೈ ಮುಗಿಯಿರಿ. ಒಟಿಪಿ ಕೇಳಿ ಫೋನ್ ಮಾಡುವವರು ನಿಗಮದವರಲ್ಲ.

ಜೊತೆಗೆ ಒಯ್ಯಬೇಕಾದವು: ಪಾಸ್‌ಬುಕ್, ಎಫ್.ಡಿ. ರಶೀದಿಗಳ ಮೂಲ ಮತ್ತು ಎರಡೆರಡು ನಕಲು, ಆಧಾರ್, ಪ್ಯಾನ್, ಹಣ ಬೀಳಬೇಕಾದ ಖಾತೆಯ ರದ್ದುಪಡಿಸಿದ ಚೆಕ್ ಅಥವಾ ಪಾಸ್‌ಬುಕ್ಕಿನ ಮೊದಲ ಪುಟದ ನಕಲು. ಮೂಲ ರಶೀದಿಯನ್ನು ತೋರಿಸಿ, ನಕಲು ಕೊಡಿ. ಮೂಲವನ್ನೇ ಒಪ್ಪಿಸಬೇಕೆಂದರೆ ಮುಂದೆ ಹಿಂದೆ ಎರಡೂ ಬದಿಯ ನಕಲಿನ ಮೇಲೆ ‘ಮೂಲ ಸ್ವೀಕರಿಸಿದೆ’ ಎಂದು ಬರೆಸಿ ಮೊಹರು, ತಾರೀಖು ಹಾಕಿಸಿಕೊಳ್ಳಿ. ಜಂಟಿ ಖಾತೆಗೆ ಎಲ್ಲ ಹೆಸರಿನವರ ಸಹಿಯೂ ಬೇಕು. ಒಬ್ಬರು ಅಮೆರಿಕದಲ್ಲೋ ದುಬೈಯಲ್ಲೋ ಇದ್ದರೆ ಫಾರಂ ಇಮೇಲಿನಲ್ಲಿ ಹೋಗಿ ಸಹಿಯಾಗಿ ಕೊರಿಯರಿನಲ್ಲಿ ಬರುವಷ್ಟು ದಿನ ಕೈಯಲ್ಲಿಟ್ಟುಕೊಂಡು ಹೊರಡಿ.

ಇನ್ನು ಎಲ್ಲಿ ಕೆಡುತ್ತದೆ ಎಂಬುದು.

ಹೆಸರು. ನಮ್ಮ ಕಡೆಯ ಇನಿಷಿಯಲ್ಲು ದೊಡ್ಡ ತಲೆನೋವು. 1995ರ ಪಾಸ್‌ಬುಕ್ಕಿನಲ್ಲಿ ‘ಹೆಚ್.ಆರ್. ಸಾವಿತ್ರಮ್ಮ’, ಆಧಾರಿನಲ್ಲಿ ‘ಸಾವಿತ್ರಮ್ಮ’, ಪ್ಯಾನಿನಲ್ಲಿ ‘ಸಾವಿತ್ರಮ್ಮ ರಾಮಯ್ಯ’ ಎಂದಿದ್ದರೆ ಮೂವರು ಬೇರೆಬೇರೆಯವರೆಂದು ಕಂಪ್ಯೂಟರು ತಿಳಿಯುತ್ತದೆ. ಸಮ್ಮತಿ ಪತ್ರ ಕೊಡುವ ಮೊದಲೇ ಶಾಖೆಯಲ್ಲಿ ಕೆವೈಸಿ ನವೀಕರಿಸಿ, ಆಧಾರಿನಲ್ಲಿರುವಂತೆ ಹೆಸರು ತಿದ್ದಿಸಿ. ಅಷ್ಟಕ್ಕೂ ಒಪ್ಪದಿದ್ದರೆ ಎಲ್ಲ ಹೆಸರೂ ಒಬ್ಬರದೇ ಎಂಬ ಅಫಿಡವಿಟ್ ನೋಟರಿಯ ಮುಂದೆ ಮಾಡಿಸಿ.

ಐಎಫ್‌ಎಸ್‌ಸಿ. ಹಳೆಯ ಚೆಕ್‌ಬುಕ್ಕಿನಿಂದ ಶಾಖೆಯ ಈ ಕೋಡನ್ನು ಎತ್ತಿ ಬರೆಯಬೇಡಿ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ 2020ರಲ್ಲಿ ಕೆನರಾಗೆ, ಕಾರ್ಪೊರೇಷನ್ ಅದೇ ವರ್ಷ ಯೂನಿಯನ್ ಬ್ಯಾಂಕಿಗೆ ಸೇರಿವೆ. ಆ ಹೆಸರುಗಳೇ ಈಗಿಲ್ಲ, ಅವುಗಳ ಕೋಡೂ ನಡೆಯುವುದಿಲ್ಲ. ನಮ್ಮ ನಾಲ್ಕು ಬ್ಯಾಂಕುಗಳ ಹೆಸರು ಮೂರು ವರ್ಷದಲ್ಲಿ ಅಳಿಸಿಹೋದದ್ದು ಬೇರೆಯದೇ ದುಃಖ, ಇರಲಿ. ಈಗಿನ ಪಾಸ್‌ಬುಕ್ ಎಂಟ್ರಿ ಮಾಡಿಸಿ ಅದರಲ್ಲಿರುವ ಕೋಡನ್ನೇ ಬರೆಯಿರಿ.

ಆಧಾರ್ ಖಾತೆ. ನೀವು ಖಾತೆ ಸಂಖ್ಯೆ ಕೊಡಬಹುದು, ಇಲ್ಲವೇ ಆಧಾರ್‌ಗೆ ಜೋಡಣೆಯಾದ ಖಾತೆಗೆ ಹಾಕಿ ಎನ್ನಬಹುದು. ಎರಡನೆಯದಕ್ಕೆ ಒಪ್ಪುವ ಮೊದಲು ಅದು ಯಾವ ಖಾತೆ ಎಂದು ಗೊತ್ತಿರಬೇಕು. ಮನೆಯೊಡತಿಗಾದರೆ ಸುಲಭ: ಗೃಹಲಕ್ಷ್ಮಿಯ 2,000 ಯಾವ ಖಾತೆಗೆ ಬೀಳುತ್ತಿದೆಯೋ ಅದೇ. ಉಳಿದವರು ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಜೋಡಣೆಯ ಸ್ಥಿತಿ ನೋಡಬಹುದು. ಕೆಲವರ ಆಧಾರು ಮುಳುಗಿದ ಬ್ಯಾಂಕಿಗೇ ಜೋಡಣೆಯಾಗಿರುತ್ತದೆ! ಖಾತೆ ಸಂಖ್ಯೆಯನ್ನೇ ಬರೆದು ಕೊಡುವುದು ವಾಸಿ.

ಸಹಿ. ಇಪ್ಪತ್ತು ವರ್ಷದ ಹಿಂದಿನ ಮಾದರಿ ಸಹಿಗೂ ಈಗ ನಡುಗುವ ಕೈಯ ಸಹಿಗೂ ಹೊಂದಿಕೆಯಾಗದೆ ಹಿರಿಯರ ಫಾರಂ ವಾಪಸ್ ಬರುವುದುಂಟು. ಅವರನ್ನು ಕರೆದೊಯ್ದು ಅಧಿಕಾರಿಯ ಎದುರೇ ಹೊಸ ಮಾದರಿ ಸಹಿ ಅಥವಾ ಹೆಬ್ಬೆಟ್ಟು ಕೊಡಿಸಿ.

ಫಾರಂ ಕೊಟ್ಟ ಮೇಲೆ ಸ್ವೀಕೃತಿ ಇಲ್ಲದೆ ಕೌಂಟರ್ ಬಿಡಬೇಡಿ. ಅದರಲ್ಲಿ ತಾರೀಖು, ಮೊಹರು, ಸೇರಿಸಿದ ಖಾತೆಗಳ ಸಂಖ್ಯೆ ಇರಲಿ. ನಾಲ್ಕು ಖಾತೆಯಲ್ಲಿ ಮೂರನ್ನೇ ಬರೆದುಕೊಂಡು ಒಂದನ್ನು ಬಿಡುವುದು ಸಾಮಾನ್ಯ ತಪ್ಪು. ಮುಂದೆ ನಿಗಮದ ಜಾಲತಾಣದಲ್ಲಿ ‘ದಾವಾ ಸೂಚಕ್’ ಎಂಬ ಸೌಲಭ್ಯದಲ್ಲಿ ನಿಮ್ಮ ಬೇಡಿಕೆ ಎಲ್ಲಿಗೆ ಬಂತೆಂದು ನೋಡಬಹುದು. ಅದಕ್ಕೆ ಬ್ಯಾಂಕಿನಲ್ಲಿ ನೋಂದಾಯಿಸಿದ ಮೊಬೈಲ್ ಸಂಖ್ಯೆ ಬೇಕು. ಸಿಮ್ ಬದಲಿಸಿದವರು ಕೆವೈಸಿ ಜೊತೆಗೇ ಹೊಸ ಸಂಖ್ಯೆ ಬರೆಸಿ.

ಗಡುವು ತಪ್ಪಿದರೆ ಕೈ ಚೆಲ್ಲಬೇಡಿ. ಬಿಟ್ಟುಹೋದವರ ಪೂರಕ ಪಟ್ಟಿಯನ್ನು ಬ್ಯಾಂಕುಗಳು ಕಳಿಸಿದ ಉದಾಹರಣೆಗಳಿವೆ. ಲಿಖಿತವಾಗಿ ಕೇಳಿ. ಶಾಖೆಯವರು ಫಾರಂ ತೆಗೆದುಕೊಳ್ಳಲೇ ಒಪ್ಪದಿದ್ದರೆ ರಿಸರ್ವ್ ಬ್ಯಾಂಕಿನ ದೂರು ಜಾಲತಾಣದಲ್ಲಿ ಬರೆಯಿರಿ, ಅಥವಾ 14448ಕ್ಕೆ ಕರೆ ಮಾಡಿ.

ಠೇವಣಿದಾರರು ತೀರಿಕೊಂಡಿದ್ದರೆ

ನಾಮಿನಿ ಇದ್ದರೆ ಮರಣ ಪ್ರಮಾಣಪತ್ರ ಮತ್ತು ನಾಮಿನಿಯ ಗುರುತಿನ ದಾಖಲೆ ಕೊಟ್ಟು ಮೊದಲು ಖಾತೆಯಲ್ಲಿ ಅದನ್ನು ದಾಖಲಿಸಬೇಕು, ಆಮೇಲೆ ನಾಮಿನಿಯ ಹೆಸರಿನಲ್ಲಿ ಸಮ್ಮತಿ ಪತ್ರ. ನಾಮಿನಿ ಇಲ್ಲದಿದ್ದರೆ ನಾಡಕಚೇರಿಯ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಪತ್ರ. ಜಗಳವಿದ್ದರೆ ಕೋರ್ಟಿನ ಉತ್ತರಾಧಿಕಾರ ಪ್ರಮಾಣಪತ್ರ. ಇದಕ್ಕೆ 45 ದಿನ ಸಾಲುವುದಿಲ್ಲ. ಕೆಲಸ ನಡೆದಿದೆ ಎಂದು ಒಂದು ಪತ್ರ ಕೊಟ್ಟು ಪೂರಕ ಪಟ್ಟಿಗೆ ಕಾಯುವುದೇ ದಾರಿ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರವರೆಗೆ ನಾಮಿನಿ ಹೆಸರಿಸಬಹುದು. ಚೆನ್ನಾಗಿರುವ ಬ್ಯಾಂಕಿನ ಖಾತೆಗಳಲ್ಲೂ ಈ ವಾರವೇ ಅದನ್ನು ಮಾಡಿಬಿಡಿ.

ಲೈಸೆನ್ಸ್ ರದ್ದಾದರೆ, ಮತ್ತು ಐದು ಲಕ್ಷಕ್ಕಿಂತ ಮೇಲಿನ ಹಣ

ನಿರ್ಬಂಧದ ಹಂತದಲ್ಲಿ ಹಣ ಪಡೆಯದೆ ಉಳಿದವರಿಗೆ, ಅಥವಾ ಬ್ಯಾಂಕಿನ ಲೈಸೆನ್ಸೇ ರದ್ದಾದಾಗ, ಲಿಕ್ವಿಡೇಟರ್, ಅಂದರೆ ಬ್ಯಾಂಕಿನ ಆಸ್ತಿ ಮಾರಿ ಲೆಕ್ಕ ಚುಕ್ತಾ ಮಾಡುವ ಅಧಿಕಾರಿ, ಬರುತ್ತಾರೆ. ರಾಜ್ಯದೊಳಗಿನ ಸಹಕಾರ ಬ್ಯಾಂಕಾದರೆ ಅವರನ್ನು ನೇಮಿಸುವುದು ಸಹಕಾರ ಸಂಘಗಳ ನಿಬಂಧಕರು. ಅಧಿಕಾರ ವಹಿಸಿಕೊಂಡ ಮೂರು ತಿಂಗಳೊಳಗೆ ಲಿಕ್ವಿಡೇಟರ್ ಠೇವಣಿದಾರರ ಪಟ್ಟಿ ಕಳಿಸಬೇಕು. ಪಟ್ಟಿ ಸಿಕ್ಕಿದ ಎರಡು ತಿಂಗಳೊಳಗೆ ನಿಗಮ ಹಣ ಕೊಡಬೇಕು. ಫಾರಂ, ದಾಖಲೆ, ಎಡವುವ ಜಾಗಗಳು ಹೆಚ್ಚುಕಡಿಮೆ ಅವೇ. ಕೊಡುವುದು ಮಾತ್ರ ಲಿಕ್ವಿಡೇಟರ್ ಕಚೇರಿಗೆ. ನಿರ್ಬಂಧದ ಸಮಯದಲ್ಲೇ ಐದು ಲಕ್ಷ ಪಡೆದವರಿಗೆ ಇನ್ನೊಂದು ಐದು ಲಕ್ಷವಿಲ್ಲ.

ಐದು ಲಕ್ಷದ ಮೇಲಿನದು ವಿಮೆಯ ಮಾತಲ್ಲ, ವಸೂಲಿಯ ಮಾತು. ಲಿಕ್ವಿಡೇಟರ್ ಸಾಲಗಾರರಿಂದ ವಸೂಲು ಮಾಡಿ, ಕಟ್ಟಡ ಮಾರಿ ಬಂದ ಹಣದಲ್ಲಿ ನಿಗಮ ತಾನು ಕೊಟ್ಟದ್ದನ್ನು ಮರಳಿ ಪಡೆಯುತ್ತದೆ. ದೊಡ್ಡ ಠೇವಣಿದಾರರಿಗೆ ಅದಾದ ಮೇಲೆ. ಇದಕ್ಕೆ ವರ್ಷಗಟ್ಟಲೆ ಹಿಡಿಯುತ್ತದೆ. ವಿಲೀನವಾದರೆ ಏನು ಸಿಗುತ್ತದೆಂಬುದು ಆ ಯೋಜನೆಯ ಷರತ್ತಿನ ಮೇಲೆ. 2020ರ ನವೆಂಬರಿನಲ್ಲಿ ಲಕ್ಷ್ಮೀ ವಿಲಾಸ ಬ್ಯಾಂಕು ಡಿಬಿಎಸ್‌ಗೆ ಸೇರಿದಾಗ ಠೇವಣಿದಾರರ ಹಣ ಪೂರ್ತಿ ಉಳಿಯಿತು. 2022ರ ಜನವರಿಯಲ್ಲಿ ಮುಂಬೈಯ ಪಿಎಂಸಿ ಬ್ಯಾಂಕ್ ಯೂನಿಟಿ ಸ್ಮಾಲ್ ಫೈನಾನ್ಸ್ ಬ್ಯಾಂಕಿಗೆ ಸೇರಿದಾಗ ದೊಡ್ಡ ಠೇವಣಿದಾರರಿಗೆ ಕಂತು ಕಂತಾಗಿ ಹತ್ತು ವರ್ಷದವರೆಗೆ ಕಾಯುವ ಷರತ್ತು ಬಿತ್ತು.

ಹಾಗಾಗಿ ಐದು ಲಕ್ಷ ಕೈಸೇರಿದ ಮೇಲೂ ರಶೀದಿಗಳನ್ನು ಹರಿದು ಹಾಕಬೇಡಿ. ಉಳಿದ ಮೊತ್ತಕ್ಕೆ ಲಿಕ್ವಿಡೇಟರಿಗೆ ಪ್ರತ್ಯೇಕ ಬೇಡಿಕೆ ಪತ್ರ ಕೊಟ್ಟು ನೋಂದಣಿ ಸಂಖ್ಯೆ ಪಡೆಯಿರಿ. ಮನೆ ಬದಲಿಸಿದಾಗಲೆಲ್ಲ ಆ ಕಚೇರಿಗೆ ಹೊಸ ವಿಳಾಸ ತಿಳಿಸಿ. ಹಂಚಿಕೆಯ ನೋಟಿಸು ಬರುವುದು ಅವರ ಕಡತದಲ್ಲಿರುವ ವಿಳಾಸಕ್ಕೆ.